ಸೆನ್ಸಾರ್ ದಾಟುವ ಆ್ಯಪ್‌ಗೆ ಇನ್ನೊಂದು ಸರ್ಕಾರ ದುಡ್ಡು ಕೊಟ್ಟಿದ್ದರೆ ಅದನ್ನು ನಂಬಬಹುದಾ?

ಧಾರವಾಡ_ಮಳೆ
ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಈಗ ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು ಇರಾನಿನ ಹುಡುಗಿ. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ನಡೆಯುವಾಗ ಅಲ್ಲಿನ ಸರ್ಕಾರ ಇಂಟರ್ನೆಟ್ ಬಂದ್ ಮಾಡಿತಲ್ಲ, ಆಗ ಮೂರು ದಿನ ಅವಳಿಗೆ ಅಮ್ಮನ ಸುದ್ದಿಯೇ ಸಿಗಲಿಲ್ಲ. ಊಟ ಮಾಡಲಿಲ್ಲ, ಮನೆಗೆ ಹೋಗಲಿಲ್ಲ, ಫೋನ್ ಕೈಯಲ್ಲಿ ಹಿಡಿದು ಕೂತಿದ್ದಳು. ನಾಲ್ಕನೇ ದಿನ ಅವಳ ತಮ್ಮ ಏನೋ ಮಾಡಿ ಎರಡು ಸಾಲಿನ ಮೆಸೇಜ್ ಕಳಿಸಿದ. "ಎಲ್ಲರೂ ಆರಾಮ. ಅಮ್ಮ ಅಡುಗೆ ಮಾಡ್ತಿದ್ದಾಳೆ." ಅದನ್ನು ಓದಿ ಇಬ್ಬರೂ ಅತ್ತುಬಿಟ್ಟೆವು.

ಸಾಮಾನ್ಯ ದಿನಗಳಲ್ಲಿ ಅವರು ಸೈಫನ್, ಟಾರ್, ಇನ್ನೂ ಏನೇನೋ ವಿಪಿಎನ್ ಬಳಸುತ್ತಾರೆ, ಅಂದರೆ ಬ್ಲಾಕ್ ಆದ ತಾಣಗಳನ್ನು ಬೇರೆ ದಾರಿಯಿಂದ ತೆರೆಯುವ ಆ್ಯಪ್‌ಗಳು. ಫಾರ್ಸಿಯಲ್ಲಿ ಅದಕ್ಕೆ ‘ಫಿಲ್ಟರ್‌ಶೆಕನ್’ ಅಂತಾರಂತೆ, ಅಂದರೆ ಫಿಲ್ಟರ್ ಒಡೆಯುವುದು. ಇವುಗಳಲ್ಲಿ ಬಹಳಷ್ಟಕ್ಕೆ ಅಮೆರಿಕ ಸರ್ಕಾರದ ದುಡ್ಡು ಬರುತ್ತದೆ ಅಂತ ನನಗೆ ಇತ್ತೀಚೆಗೆ ಗೊತ್ತಾಯಿತು. 2025ರ ಮಾರ್ಚ್‌ನಲ್ಲಿ ಆ ದುಡ್ಡು ನಿಲ್ಲುವ ಹಂತಕ್ಕೆ ಬಂದಿತ್ತು ಅಂತಲೂ ಓದಿದೆ.

ನನ್ನ ಗೊಂದಲ ಇಷ್ಟೇ. ಒಂದು ಸರ್ಕಾರ ಇನ್ನೊಂದು ಸರ್ಕಾರದ ಗೋಡೆ ಒಡೆಯಲು ದುಡ್ಡು ಕೊಟ್ಟರೆ, ಆ ಆ್ಯಪ್ ಬಳಸುವ ಜನರಿಗೆ ಅದು ಒಳ್ಳೆಯದಾ, ಅಪಾಯವಾ? ತಿಳಿದವರು ಹೇಳಿ.

ತುಂಗಾತೀರ
ಅಕ್ಕಾ, ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಅವರ ಮನೆಯವರು ಈಗ ಹೇಗಿದ್ದಾರೆ?

ಪ್ರಶ್ನೆ_ಮಾಡು
ನನ್ನ ಉತ್ತರ ನೇರ. ನಂಬಬೇಡಿ. ಅಮೆರಿಕ ಯಾರಿಗೂ ಪುಕ್ಕಟೆ ಏನೂ ಕೊಡುವುದಿಲ್ಲ. ಒಂದು ಕೈಯಲ್ಲಿ ‘ಇಂಟರ್ನೆಟ್ ಸ್ವಾತಂತ್ರ್ಯ’ ಅಂತ ಭಾಷಣ, ಇನ್ನೊಂದು ಕೈಯಲ್ಲಿ ಇಡೀ ಪ್ರಪಂಚದ ಮೇಲೆ ಕಣ್ಣು. 2013ರಲ್ಲಿ ಸ್ನೋಡೆನ್ ಹೊರಗೆ ಹಾಕಿದ, ಅಮೆರಿಕದ ಬೇಹುಗಾರಿಕೆಯ ಗುಟ್ಟಿನ ಕಾಗದಗಳನ್ನು ಮರೆತುಬಿಟ್ಟಿರಾ?

ನೆಟ್‌ವರ್ಕ್_ಭಟ್ಟ
@ಪ್ರಶ್ನೆ_ಮಾಡು ಸ್ನೋಡೆನ್ ಹೆಸರು ತಂದಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರು ಮಾಡೋಣ. ಅದೇ ಕಾಗದಗಳಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯವರ ಒಂದು ಸ್ಲೈಡ್ ಇತ್ತು, ಟಾರ್ ಬಗ್ಗೆ ಬೈದುಕೊಂಡಿದ್ದು. ಟಾರ್ ಬಳಸುವ ಎಲ್ಲರನ್ನೂ ಎಲ್ಲ ಹೊತ್ತೂ ಗುರುತು ಹಿಡಿಯಲು ನಮ್ಮಿಂದ ಎಂದಿಗೂ ಆಗುವುದಿಲ್ಲ ಅಂತ ಅವರೇ ಬರೆದುಕೊಂಡಿದ್ದರು. ಅದೇ ವರ್ಷಗಳಲ್ಲಿ ಅದೇ ಸರ್ಕಾರದ ಇನ್ನೊಂದು ಇಲಾಖೆ ಟಾರ್‌ಗೆ ದುಡ್ಡು ಕೊಡುತ್ತಿತ್ತು. ‘ಅಮೆರಿಕ’ ಅಂದರೆ ಒಬ್ಬ ಮನುಷ್ಯ ಅಲ್ಲ. ಒಂದು ಇಲಾಖೆ ಕಟ್ಟಿದ್ದನ್ನು ಇನ್ನೊಂದು ಇಲಾಖೆ ಒಡೆಯಲು ನೋಡುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಟಾರ್ ಹಿಂದಿರುವ ಯೋಚನೆ ಹುಟ್ಟಿದ್ದೇ 1990ರ ದಶಕದ ನಡುವೆ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ನಿಮ್ಮ ಸಂದೇಶವನ್ನು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಸುತ್ತಿ, ಮೂರು ಕಂಪ್ಯೂಟರ್ ದಾಟಿಸಿ ಕಳಿಸುವುದು. ಯಾವ ಒಂದು ಕಂಪ್ಯೂಟರ್‌ಗೂ ಪೂರ್ತಿ ದಾರಿ ಗೊತ್ತಿರುವುದಿಲ್ಲ. ಮೊದಲನೆಯದಕ್ಕೆ ನೀವು ಯಾರು ಅಂತ ಗೊತ್ತು, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ.

ನೌಕಾಪಡೆ ಇದನ್ನು ಜನರಿಗೆ ಯಾಕೆ ಬಿಟ್ಟುಕೊಟ್ಟಿತು? ಅದನ್ನು ಸೈನಿಕರು ಮಾತ್ರ ಬಳಸಿದರೆ, ಬಳಸುವವನೆಲ್ಲ ಸೈನಿಕ ಅಂತ ಸಿಕ್ಕಿಬೀಳುತ್ತಾನೆ. ಜಾತ್ರೆ ಇದ್ದರೆ ತಾನೇ ಜನರ ನಡುವೆ ಕಾಣದ ಹಾಗೆ ಓಡಾಡಲು ಆಗುವುದು? ಅದಕ್ಕೆ ಜಾತ್ರೆ ಬೇಕಿತ್ತು. 2002ರಲ್ಲಿ ಸಾಫ್ಟ್‌ವೇರ್ ಹೊರಗೆ ಬಂತು, 2006ರಲ್ಲಿ ಲಾಭಕ್ಕಲ್ಲದ ಸಂಸ್ಥೆ ಆಯಿತು. ಕೋಡ್ ಪೂರ್ತಿ ತೆರೆದಿದೆ. ಯಾರು ಬೇಕಾದರೂ ಓದಬಹುದು, ಪ್ರಪಂಚದ ತುಂಬ ಜನ ಓದಿದ್ದಾರೆ, ತಪ್ಪು ಹಿಡಿದಿದ್ದಾರೆ.

ಹಾಗಾಗಿ ನನ್ನ ಮಾತು: ದುಡ್ಡು ಯಾರದ್ದು ಅನ್ನುವುದಕ್ಕಿಂತ ಕೋಡ್ ತೆರೆದಿದೆಯಾ ಅಂತ ಮೊದಲು ನೋಡಿ.

ಪ್ರಶ್ನೆ_ಮಾಡು
ಕೋಡ್ ಓದುವವರು ಎಷ್ಟು ಜನ ಇದ್ದಾರೆ ಭಟ್ರೇ? ಇರಾನಿನ ಒಬ್ಬ ಅಂಗಡಿಯವನು ಕೋಡ್ ಓದಿ ಆ್ಯಪ್ ಹಾಕಿಕೊಳ್ಳುತ್ತಾನಾ? ಅವನು ಯಾರೋ ಹೇಳಿದ್ದನ್ನು ನಂಬುತ್ತಾನೆ ಅಷ್ಟೇ.

ನೆಟ್‌ವರ್ಕ್_ಭಟ್ಟ
ಒಪ್ಪುತ್ತೇನೆ. ಬಾವಿ ನೀರನ್ನು ನಾವೆಲ್ಲ ಪರೀಕ್ಷೆ ಮಾಡಿ ಕುಡಿಯುವುದಿಲ್ಲ. ಆದರೆ ಯಾರಾದರೂ ಪರೀಕ್ಷೆ ಮಾಡಲು ಆಗುವ ಹಾಗೆ ಬಾವಿ ತೆರೆದಿರಬೇಕು. ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇರಾನಿನದೇ ಒಂದು ಕಥೆ ಇದೆ.

2009ರ ಚುನಾವಣೆ ಆದ ಮೇಲೆ ಟೆಹರಾನ್ ಬೀದಿಗಳಲ್ಲಿ ಭಾರಿ ಪ್ರತಿಭಟನೆ ನಡೆಯಿತು. ಆಗ ಅಮೆರಿಕದಲ್ಲಿ ಕೆಲವರು ‘ಹೇಸ್ಟ್ಯಾಕ್’ ಅನ್ನುವ ಸಾಫ್ಟ್‌ವೇರ್ ಮಾಡಿದರು. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ದಿಗ್ಬಂಧನ ಇರುವ ಇರಾನ್‌ಗೆ ಅದನ್ನು ಕಳಿಸಲು ಅಮೆರಿಕ ಸರ್ಕಾರ ಲೈಸೆನ್ಸ್ ಕೂಡ ಕೊಟ್ಟಿತು. ಆದರೆ ಕೋಡನ್ನು ಯಾರಿಗೂ ತೋರಿಸಲಿಲ್ಲ, ಭದ್ರತೆಗಾಗಿ ಗುಟ್ಟು ಅಂತ ಹೇಳಿದರು. 2010ರ ಸೆಪ್ಟೆಂಬರ್‌ನಲ್ಲಿ ಹೊರಗಿನ ತಜ್ಞರ ಕೈಗೆ ಒಂದು ಪ್ರತಿ ಸಿಕ್ಕಿತು. ಬೇಗನೇ ಗೊತ್ತಾಯಿತು, ಅದು ಬಳಸುವವನನ್ನು ಅಡಗಿಸುವ ಬದಲು ಹಿಡಿದುಕೊಡುವಷ್ಟು ಕೆಟ್ಟದಾಗಿತ್ತು. ಅಲ್ಲಿಗೆ ನಿಂತಿತು. ಅದನ್ನು ಪರೀಕ್ಷೆಗೆ ಅಂತ ಇರಾನಿನ ಒಳಗೆ ಬಳಸಿದವರ ಜೀವ ಪಣಕ್ಕಿತ್ತು. ನನಗೆ ಈಗಲೂ ಅದನ್ನು ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಸರ್ಕಾರದ ಮುದ್ರೆ ಬಿತ್ತು ಅಂತ ಸಾಫ್ಟ್‌ವೇರ್ ಗಟ್ಟಿ ಆಗುವುದಿಲ್ಲ.

ಹಳೇ_ರೇಡಿಯೊ
ಮಕ್ಕಳೇ, ನನಗೆ ಎಪ್ಪತ್ತು ದಾಟಿದೆ. ಆ್ಯಪ್ ಬಗ್ಗೆ ಗೊತ್ತಿಲ್ಲ, ರೇಡಿಯೊ ಬಗ್ಗೆ ಗೊತ್ತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಪತ್ರಿಕೆಗಳಿಗೆ ಸೆನ್ಸಾರ್. ಆಕಾಶವಾಣಿಯಲ್ಲಿ ಸರ್ಕಾರ ಹೇಳಿದ್ದೇ ಸುದ್ದಿ. ರಾತ್ರಿ ಹಾಸ್ಟೆಲಿನಲ್ಲಿ ಕಂಬಳಿ ಹೊದ್ದು ಶಾರ್ಟ್‌ವೇವ್‌ನಲ್ಲಿ ಬಿಬಿಸಿ ಹಿಡಿಯುತ್ತಿದ್ದೆವು. ಗೊರ್ರ್ ಅನ್ನುವ ಸದ್ದಿನ ನಡುವೆ ನಮ್ಮ ದೇಶದ ಸುದ್ದಿಯನ್ನು ಲಂಡನ್ನಿನಿಂದ ಕೇಳಬೇಕಾಗಿತ್ತು. ಬಿಬಿಸಿಯ ಮಾರ್ಕ್ ಟಲಿ ಆಗ ದೇಶ ಬಿಟ್ಟು ಹೋಗಬೇಕಾಯಿತು.

ಆಗ ಬಿಬಿಸಿ ವರ್ಲ್ಡ್ ಸರ್ವಿಸ್‌ಗೆ ದುಡ್ಡು ಕೊಡುತ್ತಿದ್ದದ್ದು ಬ್ರಿಟನ್ನಿನ ವಿದೇಶಾಂಗ ಇಲಾಖೆ. ನಮಗೆ ಅದು ಗೊತ್ತಿತ್ತು. ಆದರೂ ಕೇಳಿದೆವು. ಬೇರೆ ಕಡೆಯಿಂದ ಬಂದ ಸುದ್ದಿಗೂ ಅದಕ್ಕೂ ತಾಳೆ ನೋಡುತ್ತಿದ್ದೆವು, ಹೆಚ್ಚಿನ ಸಲ ಸರಿ ಇರುತ್ತಿತ್ತು. ನಂಬಿಕೆ ಹುಟ್ಟಿದ್ದು ಹಾಗೆ.

ಇನ್ನೊಂದು ಮಾತು. ರೇಡಿಯೊ ಫ್ರೀ ಯೂರೋಪ್ ಅಂತ ಇತ್ತು, ಈಗಲೂ ಇದೆ. ಸೋವಿಯತ್ ಕಡೆಯ ಜನರಿಗೆ ಸುದ್ದಿ ಹೇಳಲು ಅಮೆರಿಕ ನಡೆಸುತ್ತಿದ್ದದ್ದು. ಮೊದಲು ಸಿಐಎ ಗುಟ್ಟಾಗಿ ದುಡ್ಡು ಕೊಡುತ್ತಿತ್ತು. ಅದು 1960ರ ದಶಕದ ಕೊನೆಗೆ ಬಯಲಾಗಿ ದೊಡ್ಡ ಗಲಾಟೆ ಆಯಿತು. ಆಮೇಲೆ 1970ರ ದಶಕದ ಆರಂಭದಿಂದ ಅಮೆರಿಕದ ಸಂಸತ್ತೇ ಬಹಿರಂಗವಾಗಿ ದುಡ್ಡು ಕೊಡಲು ಶುರು ಮಾಡಿತು. ರಷ್ಯಾದವರು ಅದರ ಅಲೆಗಳ ಮೇಲೆ ಗದ್ದಲ ಹಾಕಿ ಕೆಡಿಸುತ್ತಿದ್ದರು, 1988ರ ತನಕ. ಅಷ್ಟು ಖರ್ಚು ಮಾಡಿ ಕೆಡಿಸಿದರೂ ಜನ ಕಿವಿ ಹಚ್ಚಿ ಕೇಳಿದರು.

ಬೆಂಡೆಕಾಯಿ_ಗೊಜ್ಜು
ಹಳೇ ರೇಡಿಯೊ ಸರ್, ದಯವಿಟ್ಟು ಇದನ್ನು ಬೇರೆ ಎಳೆಯಲ್ಲಿ ವಿವರವಾಗಿ ಬರೆಯಿರಿ. ನಮ್ಮ ತಾತನೂ ಮರ್ಫಿ ರೇಡಿಯೊದಲ್ಲಿ ಬಿಬಿಸಿ ಕೇಳುತ್ತಿದ್ದರಂತೆ, ಅಜ್ಜಿ ಬಾಗಿಲು ಹಾಕಿ ಬರುತ್ತಿದ್ದರಂತೆ.

ಕುಡ್ಲ_ಟು_ದುಬೈ
ನಾನು ಮಂಗಳೂರಿನವನು, ಹನ್ನೊಂದು ವರ್ಷದಿಂದ ದುಬೈಯಲ್ಲಿ ಇದ್ದೇನೆ. ಇಲ್ಲಿ ರಾಜಕೀಯ ಸುದ್ದಿ ಬಿಡಿ, ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಮಗಳು ಹುಟ್ಟಿದಾಗ ನಾನು ಇಲ್ಲಿದ್ದೆ. ಹೆಂಡತಿ ವಿಡಿಯೊ ಕಾಲ್ ಮಾಡಿದರೆ ರಿಂಗ್ ಆಗಿ ಕಟ್. ಪರವಾನಗಿ ಇರುವ ಒಂದೆರಡು ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಮಗುವಿನ ಮುಖ ನೋಡಿದೆ. ರೂಮಿನಲ್ಲಿದ್ದ ಹುಡುಗರು ಫ್ರೀ ವಿಪಿಎನ್ ಹಾಕು ಅನ್ನುತ್ತಿದ್ದರು. ಇಲ್ಲಿ ವಿಪಿಎನ್ ಇಟ್ಟುಕೊಂಡು ತಪ್ಪು ಕೆಲಸ ಮಾಡಿದರೆ ದಂಡ 5 ಲಕ್ಷ ದಿರ್ಹಂನಿಂದ ಶುರು. ನನ್ನಂಥವನ ಆಯುಷ್ಯದ ದುಡಿಮೆ ಅದು. ಧೈರ್ಯ ಆಗಲಿಲ್ಲ.

ಸೌದಿಯಲ್ಲಿ ಮೊದಲು ಹೀಗೇ ಇತ್ತು, 2017ರಲ್ಲಿ ಕಾಲ್ ಬಿಟ್ಟರು. ಅಲ್ಲಿರುವ ಭಾವ ಅವತ್ತು ಫೋನ್ ಮಾಡಿ ಒಂದು ಗಂಟೆ ಸುಮ್ನೆ ಮಾತಾಡಿದರು.

ನನ್ನ ಪ್ರಶ್ನೆ. ಇರಾನ್, ಚೀನಾ ಅಂದರೆ ಅಮೆರಿಕ ದುಡ್ಡು ಕೊಡುತ್ತದೆ. ಕೊಲ್ಲಿ ದೇಶಗಳು ಅವರ ಗೆಳೆಯರು, ಇಲ್ಲಿಗೆ ಯಾರು ಕೊಡುತ್ತಾರೆ?

ಪ್ರಶ್ನೆ_ಮಾಡು
@ಕುಡ್ಲ_ಟು_ದುಬೈ ಇದೇ ನೋಡಿ ನಾನು ಹೇಳಲು ಹೊರಟಿದ್ದು. ಸ್ವಾತಂತ್ರ್ಯ ಅನ್ನುವುದು ಶತ್ರು ದೇಶಕ್ಕೆ ಮಾತ್ರ.

ನೆಟ್‌ವರ್ಕ್_ಭಟ್ಟ
ಅರ್ಧ ಸರಿ. ಭಾಷಣಗಳು ಹಾಗೆಯೇ ಇರುತ್ತವೆ. ಆದರೆ ಸಾಫ್ಟ್‌ವೇರ್ ಒಮ್ಮೆ ತಯಾರಾದರೆ ಅದು ಗೆಳೆಯ, ಶತ್ರು ಅಂತ ನೋಡುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಈಜಿಪ್ಟ್ ಮತ್ತು ಯುಎಇಯಲ್ಲಿ ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್ ಬ್ಲಾಕ್ ಆಯಿತು. ಎರಡೂ ಅಮೆರಿಕದ ಗೆಳೆಯರೇ. ಸಿಗ್ನಲ್‌ನವರು ಒಂದು ಉಪಾಯ ಮಾಡಿದರು. ಲಕೋಟೆಯ ಮೇಲೆ ಗೂಗಲ್ ವಿಳಾಸ, ಒಳಗಿನ ಚೀಟಿಯಲ್ಲಿ ಸಿಗ್ನಲ್ ವಿಳಾಸ. ಹೊರಗೆ ನಿಂತು ನೋಡುವವನಿಗೆ ಗೂಗಲ್ ಮಾತ್ರ ಕಾಣುತ್ತದೆ. ತಡೆಯಬೇಕು ಅಂದರೆ ಇಡೀ ಗೂಗಲ್ ತಡೆಯಬೇಕು. ಇದನ್ನು ‘ಡೊಮೇನ್ ಫ್ರಂಟಿಂಗ್’ ಅನ್ನುತ್ತಾರೆ.

ಆ ಸಿಗ್ನಲ್‌ಗೆ 2013ರಿಂದ 2016ರ ನಡುವೆ ಸುಮಾರು 30 ಲಕ್ಷ ಡಾಲರ್ ಬಂದದ್ದು ಅಮೆರಿಕ ಸರ್ಕಾರದ ದುಡ್ಡಿನಿಂದ ನಡೆಯುವ ಓಪನ್ ಟೆಕ್ನಾಲಜಿ ಫಂಡ್‌ನಿಂದ. ಅದೇ ಸಿಗ್ನಲ್‌ನ ಗೂಢಲಿಪಿ ವಿಧಾನವನ್ನು ವಾಟ್ಸಾಪ್ ತೆಗೆದುಕೊಂಡು 2016ರ ಏಪ್ರಿಲ್ ಹೊತ್ತಿಗೆ ಎಲ್ಲ ಬಳಕೆದಾರರಿಗೂ ಕೊಟ್ಟಿತು. ನಾವು ದಿನಾ ಮನೆಯವರಿಗೆ ಕಳಿಸುವ ಮೆಸೇಜಿಗೂ ಅದೇ ಕಾವಲು.

ಡೊಮೇನ್ ಫ್ರಂಟಿಂಗ್ ಮುಚ್ಚಿಸಿದ್ದು ಯಾವ ಸರ್ವಾಧಿಕಾರಿಯೂ ಅಲ್ಲ. 2018ರ ಏಪ್ರಿಲ್‌ನಲ್ಲಿ ಗೂಗಲ್, ಅಮೆಜಾನ್ ಎರಡೂ ಅದನ್ನು ನಿಲ್ಲಿಸಿಬಿಟ್ಟವು. ಅದೇ ತಿಂಗಳು ರಷ್ಯಾ ಟೆಲಿಗ್ರಾಂ ಹಿಡಿಯಲು ಹೋಗಿ ಆ ಎರಡೂ ಕಂಪನಿಗಳ ಕೋಟಿಗೂ ಹೆಚ್ಚು ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಒಂದು ಕಂಪ್ಯೂಟರಿನ ವಿಳಾಸ) ಬ್ಲಾಕ್ ಮಾಡಿತ್ತು. ಸಂಬಂಧವೇ ಇಲ್ಲದ ಅಂಗಡಿ, ಬ್ಯಾಂಕ್ ಸೇವೆಗಳೆಲ್ಲ ನಿಂತವು. ಟೆಲಿಗ್ರಾಂ ಮಾತ್ರ ನಡೆಯುತ್ತಲೇ ಇತ್ತು. ಎರಡು ವರ್ಷ ಆದ ಮೇಲೆ ರಷ್ಯಾ ಆ ನಿಷೇಧ ತೆಗೆಯಿತು.

ಶೆಂಜೆನ್_ಗೌಡ
ಎಲೆಕ್ಟ್ರಾನಿಕ್ ಬಿಡಿಭಾಗದ ವ್ಯಾಪಾರಕ್ಕೆ ಶೆಂಜೆನ್‌ನಲ್ಲಿ ಆರು ವರ್ಷ ಇದ್ದೆ, ಈಗ ಹಾಸನದಲ್ಲಿ ಇದ್ದೇನೆ. ಅಲ್ಲಿ ವಿಪಿಎನ್ ಬಳಸುವುದಕ್ಕೆ ‘ಗೋಡೆ ಹತ್ತಿ ದಾಟುವುದು’ ಅನ್ನುತ್ತಾರೆ. ಚೀನಿ ಮಾತು ‘ಫಾನ್‌ಚಿಯಾಂಗ್’. ನಮ್ಮ ಆಫೀಸಿನ ಚೀನಿ ಹುಡುಗರಿಗೆ ಎಲ್ಲರಿಗೂ ಆ ಮಾತು ಗೊತ್ತು, ಆದರೆ ಜೋರಾಗಿ ಯಾರೂ ಹೇಳುವುದಿಲ್ಲ.

ಪಕ್ಷದ ದೊಡ್ಡ ಸಮ್ಮೇಳನ ಹತ್ತಿರ ಬಂತು ಅಂದರೆ ವಿಪಿಎನ್ ಸಾಯುತ್ತದೆ. 2017ರ ಬೇಸಿಗೆಯಲ್ಲಿ ಆ್ಯಪಲ್ ತನ್ನ ಚೀನಾ ಅಂಗಡಿಯಿಂದ ವಿಪಿಎನ್ ಆ್ಯಪ್‌ಗಳನ್ನೇ ತೆಗೆಯಿತು. ಸೆಪ್ಟೆಂಬರ್ ಹೊತ್ತಿಗೆ ವಾಟ್ಸಾಪ್ ಹೋಯಿತು. ಅವ್ವನಿಗೆ ಕಷ್ಟಪಟ್ಟು ಚೀನಿಯರ ಮೆಸೇಜ್ ಆ್ಯಪ್ ವಿಚಾಟ್ ಕಲಿಸಿದೆವು. ತೋಟದಿಂದ ಬಂದು ವಿಚಾಟ್‌ನಲ್ಲಿ ಕಾಲ್ ಮಾಡಿ ಅಡಿಕೆ ಗೊನೆ ತೋರಿಸುತ್ತಿದ್ದಳು. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ 59 ಚೀನಿ ಆ್ಯಪ್ ನಿಷೇಧ ಮಾಡಿತು, ಅದರಲ್ಲಿ ವಿಚಾಟ್ ಕೂಡ ಇತ್ತು. ಆ ಕಡೆ ವಾಟ್ಸಾಪ್ ಇಲ್ಲ, ಈ ಕಡೆ ವಿಚಾಟ್ ಇಲ್ಲ. ಗಾಲ್ವಾನ್ ಆದ ಮೇಲೆ ನಿಷೇಧ ಯಾಕೆ ಮಾಡಿದರು ಅಂತ ನನಗೆ ಅರ್ಥ ಆಗುತ್ತದೆ, ಅದರ ಮೇಲೆ ಜಗಳ ಇಲ್ಲ. ಆದರೆ ನಡುವೆ ಸಿಕ್ಕಿಕೊಂಡವರು ನಾನು ಮತ್ತು ಅವ್ವ.

ಅಮೆರಿಕದ ದುಡ್ಡಿನ ಬಗ್ಗೆ: ಆ ದುಡ್ಡು ಪಡೆದವುಗಳಲ್ಲಿ ನಾನು ಬಳಸಿದ ಒಂದು ಆ್ಯಪ್ ಫ್ರೀಗೇಟ್. ಅದನ್ನು ಕಟ್ಟಿದವರು ಚೀನಾದಲ್ಲಿ ನಿಷೇಧವಾದ ಫಾಲುನ್ ಗಾಂಗ್ ಪಂಥದವರು. ನಂಬಿಕೆಯ ವಿಷಯ ಆಮೇಲೆ, ಅವತ್ತು ತೆರೆದುಕೊಂಡರೆ ಸಾಕಿತ್ತು ನನಗೆ.

ಕಾನೂನು_ಕನ್ನಡಿ
ಗೌಡ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಬೇರೆ ದೇಶದ ಬಗ್ಗೆ ಮಾತಾಡುವಾಗ ನಮ್ಮ ಮನೆಯನ್ನೂ ನೋಡಬೇಕು, ಅಲ್ವಾ? ಜಮ್ಮು ಕಾಶ್ಮೀರದಲ್ಲಿ 2019ರ ಆಗಸ್ಟ್ 5ಕ್ಕೆ ಇಂಟರ್ನೆಟ್ ನಿಂತಿತು. 4ಜಿ ಪೂರ್ತಿ ವಾಪಸ್ ಬಂದಿದ್ದು 2021ರ ಫೆಬ್ರುವರಿಯಲ್ಲಿ. 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಕೊನೆ ದಿನ ಇಲ್ಲದ ಬಂದ್ ಸಲ್ಲದು, ಆದೇಶ ಪ್ರಕಟಿಸಬೇಕು ಅಂತ. ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಮ್ಯಾನ್ಮಾರ್‌ನಲ್ಲಿ 85 ಬಂದ್, ಭಾರತದಲ್ಲಿ 84. ಅದಕ್ಕೂ ಹಿಂದೆ ಹಲವು ವರ್ಷ ನಾವೇ ಮೊದಲು.

2022ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಬಂತು. ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು, ವಿಳಾಸ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಕೆಲವು ವಿದೇಶಿ ಕಂಪನಿಗಳು ಸರ್ವರ್ ಎತ್ತಿಕೊಂಡು ಹೋದವು. ಪೋಸ್ಟ್ ತೆಗೆಯಲು ಸರ್ಕಾರ ನೋಟಿಸ್ ಕಳಿಸುವ ‘ಸಹಯೋಗ್’ ಪೋರ್ಟಲ್ ಬಗ್ಗೆ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದ್ದು ನಮ್ಮ ಕರ್ನಾಟಕ ಹೈಕೋರ್ಟೇ.

ತುಂಗಾತೀರ
@ಕಾನೂನು_ಕನ್ನಡಿ ಇರಾನನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಸರ್. ಇಲ್ಲಿ ಕೋರ್ಟ್ ಇದೆ, ಚುನಾವಣೆ ಇದೆ, ನೀವು ಇದನ್ನು ಬರೆದು ನಾಳೆ ಕೆಲಸಕ್ಕೆ ಹೋಗುತ್ತೀರಿ. ಅಲ್ಲಿ ಹಾಗಿಲ್ಲ.

ಕಾನೂನು_ಕನ್ನಡಿ
ಒಂದೇ ಅಂತ ನಾನು ಹೇಳಲಿಲ್ಲ. ಅಲ್ಲಿ ಕೋರ್ಟಿಗೆ ಹೋಗಿ ಗೆಲ್ಲುವ ದಾರಿಯೇ ಇಲ್ಲ, ಇಲ್ಲಿ ಇದೆ. ದೊಡ್ಡ ವ್ಯತ್ಯಾಸ ಅದು. ಆದರೆ ಬಾರಾಮುಲ್ಲಾದಲ್ಲಿ ಕೂತ ತಾಯಿಗೆ ಮಗನ ಸುದ್ದಿ ಸಿಗದ ಹೊತ್ತು, ಇರಾನಿನ ತಾಯಿಯ ಹೊತ್ತಿಗಿಂತ ಚಿಕ್ಕದೇನಲ್ಲ.

ಮೇಲ್ವಿಚಾರಕ
ಇಬ್ಬರ ಮಾತೂ ಸರಿಯಾಗಿಯೇ ಇದೆ, ಆದರೆ ಭಾರತದ ಬಂದ್‌ಗಳ ಬಗ್ಗೆ ಈಗಾಗಲೇ ಒಂದು ಎಳೆ ಇದೆ, ಮುಂದಿನ ಚರ್ಚೆ ಅಲ್ಲಿ ಮಾಡಿ. ಇಲ್ಲಿ ಮೂಲ ಪ್ರಶ್ನೆಗೆ ವಾಪಸ್ ಬನ್ನಿ.

ಪ್ರಶ್ನೆ_ಮಾಡು
ಮೂಲ ಪ್ರಶ್ನೆಗೇ ಬರುತ್ತೇನೆ. ಕ್ಯೂಬಾ ಕಥೆ ಯಾರೂ ಹೇಳಲಿಲ್ಲ. ವಿದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕ ಸರ್ಕಾರದ ಯುಎಸ್‌ಏಡ್ ಸಂಸ್ಥೆ 2010ರಲ್ಲಿ ಕ್ಯೂಬಾದ ಜನರಿಗೆ ‘ಸುನ್‌ಸುನೆಯೊ’ ಅನ್ನುವ ಎಸ್‌ಎಂಎಸ್ ಸೇವೆ ಶುರು ಮಾಡಿತು, ಟ್ವಿಟರ್ ಥರದ್ದು. ಹಿಂದೆ ಅಮೆರಿಕ ಇದೆ ಅಂತ ಯಾರಿಗೂ ಗೊತ್ತಾಗದ ಹಾಗೆ ಬೇರೆ ದೇಶದಲ್ಲಿ ಮರೆಯ ಕಂಪನಿಗಳನ್ನು ಇಟ್ಟು ನಡೆಸಿದರು. ಸುಮಾರು 40,000 ಜನ ಸೇರಿದರು. ಫುಟ್‌ಬಾಲ್, ಹಾಡು ಅಂತ ಶುರು ಮಾಡಿ ಆಮೇಲೆ ರಾಜಕೀಯ ಬಿತ್ತುವ ಯೋಜನೆ. 2012ರಲ್ಲಿ ನಿಂತಿತು, 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲು ಮಾಡಿತು. ಆ 40,000 ಜನರ ಗತಿ ಏನು? ತಾವು ಯಾರ ಸೇವೆ ಬಳಸುತ್ತಿದ್ದೇವೆ ಅಂತ ಅವರಿಗೇ ಗೊತ್ತಿರಲಿಲ್ಲ.

ಅದಕ್ಕೂ ಮುಂಚೆ ಅದೇ ಯುಎಸ್‌ಏಡ್ ಗುತ್ತಿಗೆಯ ಮೇಲೆ ಕ್ಯೂಬಾಗೆ ಉಪಗ್ರಹ ಇಂಟರ್ನೆಟ್ ಸಾಮಾನು ಒಯ್ದ ಅಲನ್ ಗ್ರಾಸ್ ಅನ್ನುವವರು 2009ರ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದರು. 15 ವರ್ಷ ಶಿಕ್ಷೆ ಆಯಿತು. 5 ವರ್ಷ ಒಳಗಿದ್ದು 2014ರ ಡಿಸೆಂಬರ್‌ನಲ್ಲಿ ಬಿಡುಗಡೆ ಆದರು.

ಹೀಗೆ ಒಂದು ಸಲ ಗುಟ್ಟಾಗಿ ಮಾಡಿದರೆ, ಆಮೇಲೆ ಬರುವ ಒಳ್ಳೆಯ ಆ್ಯಪ್‌ನ ಮೇಲೂ ಅನುಮಾನ ಬರುತ್ತದೆ. ‘ಇದು ಅಮೆರಿಕದ ಬೇಹುಗಾರಿಕೆ’ ಅನ್ನಲು ಅಲ್ಲಿನ ಸರ್ಕಾರಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ.

ಹಳೇ_ರೇಡಿಯೊ
ಇದು ನಿಜವಾದ ಮಾತು. ರೇಡಿಯೊ ಫ್ರೀ ಯೂರೋಪ್ ಕಥೆಯೂ ಇದೇ. ಗುಟ್ಟಿನ ದುಡ್ಡು ವಿಷ. ಬಯಲಿನ ದುಡ್ಡಿನ ಮೇಲೆ ಕಣ್ಣಿಡಬಹುದು.

ನೆಟ್‌ವರ್ಕ್_ಭಟ್ಟ
@ಪ್ರಶ್ನೆ_ಮಾಡು ಸುನ್‌ಸುನೆಯೊ ವಿಷಯದಲ್ಲಿ ನಿಮ್ಮ ಜೊತೆ ಪೂರ್ತಿ ಇದ್ದೇನೆ. ಅದು ಸೆನ್ಸಾರ್ ಎದುರಿಸುವ ಕೆಲಸ ಅಲ್ಲವೇ ಅಲ್ಲ, ಜನರನ್ನು ದಾಳ ಮಾಡಿಕೊಂಡ ಕೆಲಸ. ಟಾರ್, ಸಿಗ್ನಲ್ ಜೊತೆ ಅದನ್ನು ಸೇರಿಸಬೇಡಿ ಅಂತ ಮಾತ್ರ ಕೇಳುತ್ತೇನೆ. ಟಾರ್‌ನವರು ಯಾರಿಂದ ಎಷ್ಟು ಬಂತು ಅಂತ ವರ್ಷವರ್ಷ ಲೆಕ್ಕ ಹಾಕಿ ಪ್ರಕಟಿಸುತ್ತಾರೆ. ಒಂದು ಕಾಲದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅಮೆರಿಕ ಸರ್ಕಾರದ್ದು. ಈಗ ಅರ್ಧಕ್ಕಿಂತ ಕಡಿಮೆ ಆಗಿದೆ, ಸಾಮಾನ್ಯ ಜನರ ದೇಣಿಗೆ ಬೆಳೆದಿದೆ.

ಬೆಂಡೆಕಾಯಿ_ಗೊಜ್ಜು
ಒಂದು ಸಣ್ಣ ಪ್ರಶ್ನೆ. ಧಾರವಾಡ ಅಕ್ಕ ಹೇಳಿದ ಹಾಗೆ ಪೂರ್ತಿ ಬಂದ್ ಆದರೆ ವಿಪಿಎನ್ ಏನು ಮಾಡುತ್ತದೆ? ದಾರಿಯೇ ಇಲ್ಲವಲ್ಲ?

ನೆಟ್‌ವರ್ಕ್_ಭಟ್ಟ
ಏನೂ ಮಾಡುವುದಿಲ್ಲ. ಬ್ಲಾಕ್ ಬೇರೆ, ಬಂದ್ ಬೇರೆ. ಬ್ಲಾಕ್ ಅಂದರೆ ರಸ್ತೆ ಇದೆ, ನಾಕಾಬಂದಿ ಹಾಕಿದ್ದಾರೆ, ವೇಷ ಹಾಕಿ ದಾಟಬಹುದು. ಬಂದ್ ಅಂದರೆ ಸೇತುವೆಯನ್ನೇ ಕಡಿದಿದ್ದಾರೆ. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಐದು ದಿನ ಹೀಗೆ ಮಾಡಿತು. ಇರಾನ್ 2019ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿಸಿದಾಗ ಸುಮಾರು ಒಂದು ವಾರ ಮಾಡಿತು. ಇರಾನಿನವರು ದೇಶದ ಒಳಗಡೆಗೆ ಅಂತಲೇ ಒಂದು ನೆಟ್‌ವರ್ಕ್ ಕಟ್ಟಿಕೊಂಡಿದ್ದಾರೆ, ಹೊರಗಿನ ದಾರಿ ಮುಚ್ಚಿದರೂ ಒಳಗೆ ಬ್ಯಾಂಕ್, ಆಫೀಸ್ ನಡೆಯುವ ಹಾಗೆ. ಹಾಗಾಗಿ ಮುಚ್ಚುವುದು ಅವರಿಗೆ ಅಷ್ಟು ದುಬಾರಿ ಅನ್ನಿಸುವುದಿಲ್ಲ.

ಬಂದ್‌ಗೆ ಮದ್ದು ಆಕಾಶದಿಂದ ಬರಬೇಕು. ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಸ್ಟಾರ್‌ಲಿಂಕ್ ಡಿಶ್‌ಗಳನ್ನು ಇರಾನಿಗೆ ಕದ್ದುಮುಚ್ಚಿ ತರುತ್ತಾರೆ, ಅಲ್ಲಿ ಅದು ಕಾನೂನುಬಾಹಿರ. ಇನ್ನೊಂದು ನನಗೆ ಬಹಳ ಇಷ್ಟವಾದದ್ದು ‘ತೂಷೆ’ ಅನ್ನುವ ವ್ಯವಸ್ಥೆ, 2016ರಲ್ಲಿ ಶುರುವಾಯಿತು. ಇರಾನಿನ ಮನೆಮನೆಯಲ್ಲಿ ಉಪಗ್ರಹ ಟಿವಿ ಡಿಶ್ ಇದೆ ತಾನೇ? ಆ ಟಿವಿ ಸಿಗ್ನಲ್ ಒಳಗೆ ಸುದ್ದಿ, ವಿಡಿಯೊ, ಸಾಫ್ಟ್‌ವೇರ್ ಫೈಲ್‌ಗಳನ್ನು ತುಂಬಿ ಕಳಿಸುತ್ತಾರೆ. ಸೆಟ್‌ಟಾಪ್ ಬಾಕ್ಸ್‌ಗೆ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ಕಂಪ್ಯೂಟರ್‌ನಲ್ಲಿ ಬಿಡಿಸಿಕೊಳ್ಳುತ್ತಾರೆ. ಇಂಟರ್ನೆಟ್ ಬೇಕಾಗಿಯೇ ಇಲ್ಲ. ವಾಪಸ್ ಏನೂ ಕಳಿಸಲು ಆಗುವುದಿಲ್ಲ, ಆದ್ದರಿಂದ ಯಾರು ಪಡೆದರು ಅಂತ ಹಿಡಿಯಲೂ ಆಗುವುದಿಲ್ಲ.

ಹಳೇ_ರೇಡಿಯೊ
ಇದು ನಮ್ಮ ಶಾರ್ಟ್‌ವೇವ್ ಕಥೆಯೇ ಅಲ್ಲವೇ! ಕಳಿಸುವವನು ಕಳಿಸುತ್ತಾನೆ, ಕೇಳುವವನು ಯಾರಿಗೂ ಕಾಣುವುದಿಲ್ಲ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಬಿಬಿಸಿ ಆ ಭಾಗಕ್ಕೆ ಮತ್ತೆ ಶಾರ್ಟ್‌ವೇವ್ ಪ್ರಸಾರ ಮಾಡಿತು ಅಂತ ಕೇಳಿ ನನಗೆ ಕಣ್ಣು ತುಂಬಿತ್ತು.

ಧಾರವಾಡ_ಮಳೆ
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. @ತುಂಗಾತೀರ ಮನೆಯವರೆಲ್ಲ ಆರಾಮ ಇದ್ದಾರೆ. ಗೆಳತಿಗೆ ಇಲ್ಲಿಯ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅವಳು ಒಂದು ವಿಷಯ ಹೇಳಿದಳು, ಅದು ನನಗೆ ಹೊಳೆದೇ ಇರಲಿಲ್ಲ. "ನಮಗೆ ಗೋಡೆ ಒಂದಲ್ಲ, ಎರಡು." ಒಳಗಡೆಯಿಂದ ಇರಾನ್ ಸರ್ಕಾರದ ಬ್ಲಾಕ್. ಹೊರಗಡೆಯಿಂದ ಅಮೆರಿಕದ ದಿಗ್ಬಂಧನ. ದಂಡ ಬೀಳುತ್ತದೆ ಅಂತ ಹೆದರಿ ಕಂಪನಿಗಳು ಇರಾನಿನ ಐಪಿ ಕಂಡರೆ ಬಾಗಿಲು ಹಾಕುತ್ತವೆ. 2019ರಲ್ಲಿ, ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ಗಿಟ್‌ಹಬ್ ಇರಾನಿನ ಪ್ರೋಗ್ರಾಮರ್‌ಗಳ ಖಾತೆಗಳಿಗೆ ತಡೆ ಹಾಕಿತಂತೆ. ಅವಳ ತಮ್ಮನ ಕಾಲೇಜು ಪ್ರಾಜೆಕ್ಟ್ ಅದರಲ್ಲಿತ್ತು. 2021ರಲ್ಲಿ ಅಮೆರಿಕದಿಂದ ಲೈಸೆನ್ಸ್ ಸಿಕ್ಕ ಮೇಲೆ ಸರಿಯಾಯಿತು. ಒಂದು ಕೈಯಲ್ಲಿ ಏಣಿ ಕೊಟ್ಟು ಇನ್ನೊಂದು ಕೈಯಲ್ಲಿ ಬಾಗಿಲು ಹಾಕಿದರೆ ಹೇಗೆ ಅಂತ ಅವಳ ಪ್ರಶ್ನೆ.

ಕಾನೂನು_ಕನ್ನಡಿ
ಸರಿಯಾದ ಪ್ರಶ್ನೆ. ಅದನ್ನು ಅಮೆರಿಕ ತಡವಾಗಿ ಒಪ್ಪಿಕೊಂಡಿತು. 2010ರಿಂದ ಸ್ವಲ್ಪ ಸ್ವಲ್ಪ ವಿನಾಯಿತಿ ಕೊಡುತ್ತಾ ಬಂದರು. ಇರಾನಿನ ಯುವತಿ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ತೀರಿಕೊಂಡಿದ್ದು 2022ರ ಸೆಪ್ಟೆಂಬರ್ 16ಕ್ಕೆ. ಪ್ರತಿಭಟನೆ ಎದ್ದಿತು, ಇನ್‌ಸ್ಟಾಗ್ರಾಂ, ವಾಟ್ಸಾಪ್ ಬ್ಲಾಕ್ ಆದವು. ಒಂದೇ ವಾರದಲ್ಲಿ, 23ಕ್ಕೆ, ಅಮೆರಿಕದ ಖಜಾನೆ ಇಲಾಖೆ ‘ಜನರಲ್ ಲೈಸೆನ್ಸ್ ಡಿ-2’ ಹೊರಡಿಸಿತು. ಕ್ಲೌಡ್ ಸೇವೆ, ವಿಡಿಯೊ ಕಾಲ್, ವಿಪಿಎನ್ ಮುಂತಾದವನ್ನು ಇರಾನಿನ ಸಾಮಾನ್ಯ ಜನರಿಗೆ ಕೊಡಬಹುದು ಅಂತ. ನನಗೆ ಅನ್ನಿಸುವುದು, ಸರ್ಕಾರಗಳು ಮಾಡಬಹುದಾದ ಅತಿ ಸುಲಭದ ಕೆಲಸ ಇದೇ. ಖರ್ಚಿಲ್ಲ, ಗುಟ್ಟಿಲ್ಲ. ತಮ್ಮ ಕಡೆಯ ಬಾಗಿಲು ತೆರೆಯುವುದು ಅಷ್ಟೇ.

ಎರಡನೇ ಸುಲಭದ ಕೆಲಸ, ಸೆನ್ಸಾರ್ ಯಂತ್ರ ಮಾರುವ ತಮ್ಮದೇ ಕಂಪನಿಗಳನ್ನು ತಡೆಯುವುದು. 2011ರಲ್ಲಿ ಅಮೆರಿಕದ ಬ್ಲೂ ಕೋಟ್ ಯಂತ್ರಗಳು ಸಿರಿಯಾದಲ್ಲಿ ಸಿಕ್ಕವು. 2020ರಲ್ಲಿ ಬೆಲಾರುಸ್ ಇಂಟರ್ನೆಟ್ ಅದುಮಿದಾಗ ಸ್ಯಾಂಡ್‌ವೈನ್ ಕಂಪನಿಯ ಉಪಕರಣ ಅಲ್ಲಿತ್ತು. 2024ರ ಫೆಬ್ರುವರಿಯಲ್ಲಿ ಈಜಿಪ್ಟ್‌ಗೆ ಇಂಥ ಉಪಕರಣ ಕೊಟ್ಟ ಕಾರಣಕ್ಕೆ ಅಮೆರಿಕ ಆ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಹಾಕಿತು. ಕಂಪನಿ ಅಂಥ ದೇಶಗಳಿಂದ ಹೊರಬರುತ್ತೇವೆ ಅಂದ ಮೇಲೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ಪಟ್ಟಿಯಿಂದ ತೆಗೆದರು. ನೋಡಿ, ಒತ್ತಡ ಕೆಲಸ ಮಾಡುತ್ತದೆ.

ಕುಡ್ಲ_ಟು_ದುಬೈ
ಅಮೆರಿಕ ಬಿಟ್ಟು ಬೇರೆ ಯಾರೂ ಇಲ್ಲವಾ ಈ ಕೆಲಸಕ್ಕೆ?

ಕಾನೂನು_ಕನ್ನಡಿ
ಇದ್ದಾರೆ. ‘ಫ್ರೀಡಂ ಆನ್‌ಲೈನ್ ಕೊಯಲಿಷನ್’ ಅಂತ ದೇಶಗಳ ಕೂಟ 2011ರಲ್ಲಿ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಶುರುವಾಯಿತು. ಭಾರತ ಅದರಲ್ಲಿ ಇಲ್ಲ. ಅದು ಹೆಚ್ಚಾಗಿ ಹೇಳಿಕೆ ಕೊಡುವ ಕೂಟ. ಸದಸ್ಯ ದೇಶ ಕೀನ್ಯಾದಲ್ಲೇ 2024ರ ಜೂನ್‌ನ ಪ್ರತಿಭಟನೆ ವೇಳೆ ಇಂಟರ್ನೆಟ್ ಕುಸಿದಿತ್ತು. ಜರ್ಮನಿಯ ಡಾಯ್ಚ ವೆಲ್ಲೆ, ಬ್ರಿಟನ್ನಿನ ಬಿಬಿಸಿ ಎರಡೂ ಟಾರ್ ಮೂಲಕ ತೆರೆಯುವ ತಾಣ ಇಟ್ಟಿವೆ. ಸೈಫನ್ ಹುಟ್ಟಿದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ. ಆದರೆ ದೊಡ್ಡ ದುಡ್ಡು ಇನ್ನೂ ಒಂದೇ ಕಡೆಯಿಂದ ಬರುತ್ತದೆ, ಅಪಾಯ ಅಲ್ಲೇ ಇದೆ.

ನೆಟ್‌ವರ್ಕ್_ಭಟ್ಟ
ನನ್ನ ಹೆದರಿಕೆಯೂ ಬೇಹುಗಾರಿಕೆಗಿಂತ ಜಾಸ್ತಿ ಇದೇ. ಓಪನ್ ಟೆಕ್ನಾಲಜಿ ಫಂಡ್ 2012ರಲ್ಲಿ ಅಮೆರಿಕ ಸರ್ಕಾರದ ದುಡ್ಡಿನ ಸುದ್ದಿ ಸಂಸ್ಥೆ ರೇಡಿಯೊ ಫ್ರೀ ಏಷ್ಯಾ ಒಳಗೆ ಶುರುವಾಗಿ 2019ರಲ್ಲಿ ಸ್ವತಂತ್ರವಾಯಿತು. 2020ರಲ್ಲಿ ಮೇಲಿನ ಸಂಸ್ಥೆಗೆ ಹೊಸ ಮುಖ್ಯಸ್ಥ ಬಂದು ನಾಯಕರನ್ನು ತೆಗೆದರು, ಹಣ ತಡೆದರು. ಕೋರ್ಟಿಗೆ ಹೋಗಬೇಕಾಯಿತು. 2025ರ ಮಾರ್ಚ್ 14ಕ್ಕೆ ಆ ಮೇಲಿನ ಸಂಸ್ಥೆಯನ್ನು ಕುಗ್ಗಿಸುವ ಟ್ರಂಪ್ ಆದೇಶ ಬಂತು, ಮರುದಿನವೇ ಅನುದಾನ ರದ್ದು. ಮತ್ತೆ ಕೋರ್ಟ್. ಕೇಸ್ ಹಾಕಿದ ಮೇಲೆ ಸರ್ಕಾರ ರದ್ದತಿಯನ್ನು ಹಿಂದಕ್ಕೆ ಪಡೆಯಿತು. ರೇಡಿಯೊ ಫ್ರೀ ಏಷ್ಯಾಗೆ ಮಾತ್ರ ಆ ಅದೃಷ್ಟ ಇರಲಿಲ್ಲ, ಅದೇ ಅಕ್ಟೋಬರ್ ಕೊನೆಗೆ ಸುದ್ದಿ ಕೆಲಸವನ್ನೇ ನಿಲ್ಲಿಸಿತು.

ವಿಪಿಎನ್ ಸರ್ವರ್‌ಗೆ ತಿಂಗಳ ಬಿಲ್ ಇರುತ್ತದೆ ಸ್ವಾಮಿ. ಬಿಲ್ ಕಟ್ಟದಿದ್ದರೆ ಆ ದಿನವೇ ಯಾರದೋ ಅಮ್ಮನ ಫೋನ್ ಕಟ್ ಆಗುತ್ತದೆ. ಸೆನ್ಸಾರ್ ಮಾಡುವವರಿಗೆ ಬಜೆಟ್ ಕಡಿತ ಆಗುವುದಿಲ್ಲ. ಎದುರಿಸುವವರು ಮಾತ್ರ ವರ್ಷವರ್ಷ ಕೈಚಾಚಬೇಕು. ಐದಾರು ದೇಶಗಳು ಸೇರಿ ಐದು ವರ್ಷಕ್ಕೊಮ್ಮೆ ಬಯಲಲ್ಲಿ ದುಡ್ಡು ಇಟ್ಟು, ಕೋಡ್ ತೆರೆದಿಡಬೇಕು ಅನ್ನುವ ಷರತ್ತು ಹಾಕಿ, ದೂರ ನಿಲ್ಲಬೇಕು.

ಪ್ರಶ್ನೆ_ಮಾಡು
ಇದಕ್ಕೆ ಒಪ್ಪಿಗೆ ಇದೆ. ಒಂದೇ ದೇಶದ ದುಡ್ಡು ಅಲ್ಲ, ಗುಟ್ಟಿನ ದುಡ್ಡು ಅಲ್ಲ. ಉಳಿದ ಅನುಮಾನ ನನ್ನ ಹತ್ತಿರವೇ ಇರಲಿ.

ಶೆಂಜೆನ್_ಗೌಡ
ನಾವು ಇಲ್ಲಿ ಕೂತವರು ಏನಾದರೂ ಮಾಡಬಹುದಾ? ದೇಣಿಗೆ ಬಿಟ್ಟು.

ನೆಟ್‌ವರ್ಕ್_ಭಟ್ಟ
ಮಾಡಬಹುದು. ಟಾರ್‌ನವರದ್ದೇ ‘ಸ್ನೋಫ್ಲೇಕ್’ ಅಂತ ಬ್ರೌಸರ್ ಎಕ್ಸ್‌ಟೆನ್ಷನ್ ಇದೆ. ಹಾಕಿಕೊಂಡರೆ ನಿಮ್ಮ ಬ್ರೌಸರ್ ಒಂದು ಪುಟ್ಟ ಹಾದಿ ಆಗುತ್ತದೆ. ಇರಾನಿನವನು ನಿಮ್ಮ ಮೂಲಕ ಟಾರ್ ಒಳಗೆ ಹೋಗುತ್ತಾನೆ. ನೋಡುವವನಿಗೆ ಯಾರೋ ಇಬ್ಬರು ವಿಡಿಯೊ ಕಾಲ್ ಮಾಡುವ ಹಾಗೆ ಕಾಣುತ್ತದೆ. ಇಂಥ ಹಾದಿಗಳು ಸಾವಿರಾರು, ಬಂದು ಹೋಗುತ್ತಿರುತ್ತವೆ, ಎಲ್ಲವನ್ನೂ ಬ್ಲಾಕ್ ಮಾಡುವುದು ಕಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಇರಾನಿನಿಂದ ಇದರ ಬಳಕೆ ಒಮ್ಮೆಗೇ ಏರಿತು.

ತುಂಗಾತೀರ
ಅವನು ಏನಾದರೂ ತಪ್ಪು ತಾಣ ನೋಡಿದರೆ ಪೊಲೀಸರು ನನ್ನ ಮನೆಗೆ ಬರುವುದಿಲ್ಲವೇ?

ನೆಟ್‌ವರ್ಕ್_ಭಟ್ಟ
ಆ ತಾಣಕ್ಕೆ ನಿಮ್ಮ ಐಪಿ ಕಾಣುವುದೇ ಇಲ್ಲ. ನಿಮ್ಮಿಂದ ಅದು ಟಾರ್‌ನ ಒಳಬಾಗಿಲಿಗೆ ಮಾತ್ರ ಹೋಗುತ್ತದೆ, ಹೊರಬಾಗಿಲು ಬೇರೆ ಯಾರದೋ. ಆದರೂ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಕೇಳದೆ ಹಾಕಬೇಡಿ. ದುಬೈ ಅಣ್ಣ, ನೀವಂತೂ ಹಾಕಲೇಬೇಡಿ.

ಕುಡ್ಲ_ಟು_ದುಬೈ
ಇಲ್ಲ ಭಟ್ರೇ, ನಾನು ಮುಟ್ಟುವುದಿಲ್ಲ. ಊರಲ್ಲಿರುವ ತಮ್ಮನಿಗೆ ಹೇಳುತ್ತೇನೆ.

ಧಾರವಾಡ_ಮಳೆ
ನಿನ್ನೆ ರಾತ್ರಿ ಮನೆಯ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಳೆದ 24 ಗಂಟೆಯಲ್ಲಿ ಏಳು ಜನ ದಾಟಿದ್ದಾರೆ ಅಂತ ತೋರಿಸುತ್ತಿತ್ತು. ಯಾರು, ಯಾವ ಊರು, ಏನೂ ಗೊತ್ತಿಲ್ಲ. ಗೆಳತಿಗೆ ತೋರಿಸಿದೆ. ಅವಳು ಆ ಏಳು ಅನ್ನುವ ಅಂಕಿಯನ್ನೇ ಬಹಳ ಹೊತ್ತು ನೋಡಿದಳು, ಆಮೇಲೆ ತನ್ನ ಲ್ಯಾಪ್‌ಟಾಪ್ ತೆಗೆದು "ಇದಕ್ಕೂ ಹಾಕಿಕೊಡು" ಅಂದಳು.

@ನೆಟ್‌ವರ್ಕ್_ಭಟ್ಟ ಲ್ಯಾಪ್‌ಟಾಪ್ ಮುಚ್ಚಿದರೆ ದಾರಿ ಕಡಿದುಹೋಗುತ್ತದಾ? ರಾತ್ರಿ ಹಾಗೇ ತೆರೆದಿಡಬೇಕಾ?

ನೆಟ್‌ವರ್ಕ್_ಭಟ್ಟ
ಮುಚ್ಚಿದರೆ ನಿಮ್ಮ ಹಾದಿ ನಿಲ್ಲುತ್ತದೆ, ಅವರು ಬೇರೆ ಯಾರದೋ ಹಾದಿ ಹಿಡಿಯುತ್ತಾರೆ, ಚಿಂತೆ ಬೇಡ. ಆಗುವುದಾದರೆ ತೆರೆದಿಡಿ. ಟೆಹರಾನ್‌ನಲ್ಲಿ ಬೆಳಗಾಗುವಾಗ ನಿಮ್ಮ ಕಡೆ ಇನ್ನೂ ರಾತ್ರಿ.